ಮನೆಯ ಕಣಜದ ಗೂಡು ತೆಗೆಯುವ ಸರಿಯಾದ ಕ್ರಮ: ಸಮಗ್ರ ಮಾರ್ಗದರ್ಶಿ

ಗೂಡು ಕಂಡ ಕೂಡಲೇ ಉದ್ದದ ಕೋಲು ಹುಡುಕುವುದು, ಇಲ್ಲವೇ ಒಣ ಮಡಲಿನ ಸೂಟೆ (ಪಂಜು) ಕಟ್ಟುವುದು. ಕಾಸರಗೋಡಿನ ನಮ್ಮ ಹಳ್ಳಿಮನೆಗಳಲ್ಲಿ ಹೆಚ್ಚಿನವರು ಈಗಲೂ ಹೀಗೇ ಶುರು ಮಾಡುತ್ತಾರೆ. ಆಮೇಲೆ ಯಾರಾದರೂ ಕಚ್ಚಿಸಿಕೊಂಡು ಆಸ್ಪತ್ರೆಗೆ ಓಡಬೇಕಾಗುತ್ತದೆ. ಕಚ್ಚದೆ ಉಳಿದರೂ ಕೆಲವೇ ದಿನಗಳಲ್ಲಿ ಮಾಡಿನ ಅದೇ ಪಕ್ಕಾಸಿಗೆ (ತೊಲೆಗೆ) ಹೊಸ ಗೂಡು ಅಂಟಿರುತ್ತದೆ. ಎಷ್ಟು ಸಲ ತೆಗೆದರೂ ಮತ್ತೆ ಬರುತ್ತದೆ ಎಂದು ಜನ ಬೇಸರ ಪಡುತ್ತಾರೆ.

ಮದ್ದು ಸಾಲದೆ ಹೀಗಾಗುವುದು ಕಡಿಮೆ. ಕೆಲಸದ ಕ್ರಮ ತಪ್ಪಿರುತ್ತದೆ. ಮೊದಲು ಗುರುತಿಸಬೇಕು. ತೆಗೆಯಬೇಕಾ ಎಂದು ನಿರ್ಧರಿಸಬೇಕು. ಓಡುವ ದಾರಿ ನೋಡಿಕೊಳ್ಳಬೇಕು. ಕತ್ತಲಾದ ಮೇಲೆ ಹುಳ ಸಾಯಿಸಬೇಕು. ಮರುದಿನ ಕಾದು ನೋಡಬೇಕು. ಗೂಡು ಇಳಿಸುವುದು ಇಷ್ಟೆಲ್ಲ ಆದ ಮೇಲೆ. ಕೆಡವುವುದರಿಂದಲೇ ಶುರು ಮಾಡಿದರೆ ಉಳಿದ ಯಾವ ಹಂತವೂ ಕೆಲಸಕ್ಕೆ ಬರುವುದಿಲ್ಲ.

ಹಂತ 1: ದೂರ ನಿಂತು ಗುರುತಿಸಿ

ಐದಾರು ಮೀಟರ್ ದೂರದಲ್ಲಿ ನಿಲ್ಲಿ. ಫೋನಿನ ಕ್ಯಾಮೆರಾ ಜೂಮ್ ಮಾಡಿ ಫೋಟೋ ತೆಗೆಯಿರಿ. ಹತ್ತಿರ ಹೋಗಿ ಇಣುಕಬೇಡಿ, ಕಲ್ಲೆಸೆದು ಪರೀಕ್ಷೆ ಮಾಡಬೇಡಿ. ಅರ್ಧ ಗಂಟೆ ಸುಮ್ನೆ ಕುಳಿತು ಹುಳಗಳು ಎಲ್ಲಿಂದ ಹೊರಡುತ್ತವೆ, ಎಲ್ಲಿಗೆ ಮರಳುತ್ತವೆ ಎಂದು ನೋಡಿದರೆ ಅರ್ಧ ಕೆಲಸ ಆದ ಹಾಗೆ.

*ಮಣ್ಣಿನ ಗೂಡು.* ಗೋಡೆಯ ಮೂಲೆ, ಕಿಟಕಿಯ ಚೌಕಟ್ಟು, ದೇವರ ಫೋಟೋದ ಹಿಂಬದಿ, ಪ್ಲಗ್ಗಿನ ತೂತು, ಇಲ್ಲೆಲ್ಲ ಮಣ್ಣಿನ ಉಂಡೆ ಅಥವಾ ಕೊಳವೆ ಮೆತ್ತಿರುತ್ತದೆ. ಇದು ಕುಂಬಾರ ಹುಳದ್ದು. ಒಂಟಿ ಹೆಣ್ಣು ಹುಳ ಮಣ್ಣು ತಂದು ಕಟ್ಟುತ್ತದೆ, ಒಳಗೆ ಜೇಡ ಅಥವಾ ಕಂಬಳಿಹುಳ ತುಂಬಿಸಿ ಮೊಟ್ಟೆಯಿಟ್ಟು ಹೋಗುತ್ತದೆ. ಇದಕ್ಕೆ ಕಾವಲು ಪಡೆ ಇಲ್ಲ. ಕೈಯಲ್ಲಿ ಹಿಡಿಯದಿದ್ದರೆ ಕಚ್ಚುವುದು ತೀರಾ ಕಡಿಮೆ. ಹುಳ ಇಲ್ಲದ ಹೊತ್ತಿಗೆ ಚಾಕುವಿನಿಂದ ಕೆರೆದು ತೆಗೆದರೆ ಮುಗಿಯಿತು. ಮುಂದಿನ ಯಾವ ಹಂತವೂ ಬೇಡ.

*ಬಿಚ್ಚು ಎರಿಯ ಗೂಡು.* ಬೂದು ಬಣ್ಣದ ಕಾಗದದ ಹಾಗಿರುತ್ತದೆ. ಕೋಶಗಳು ಹೊರಗೇ ಕಾಣುತ್ತವೆ, ಹುಳಗಳು ಅದರ ಮೇಲೇ ಕುಳಿತಿರುತ್ತವೆ. ಮೇಲೆ ಹೊದಿಕೆ ಇರುವುದಿಲ್ಲ. ಹಂಚಿನ ಮಾಡಿನ ಕೆಳಗೆ, ಸನ್‌ಶೇಡಿನ ಅಡಿಯಲ್ಲಿ, ಹಟ್ಟಿಯ ಮೂಲೆಯಲ್ಲಿ ನಮಗೆ ಜಾಸ್ತಿ ಸಿಗುವುದು ಇದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗ್ಕರ್ ಅವರು ದಶಕಗಳ ಕಾಲ ಅಧ್ಯಯನ ಮಾಡಿದ ರೋಪಾಲಿಡಿಯಾ ಮಾರ್ಜಿನೇಟಾ ಈ ಗುಂಪಿಗೆ ಸೇರಿದ್ದು. ಅವರ ಕೆಲಸದಿಂದ ತಿಳಿದ ಒಂದು ಸಂಗತಿ ನಮಗೆ ಇಲ್ಲಿ ತುಂಬಾ ಬೇಕು: ಈ ಜಾತಿಯಲ್ಲಿ ರಾಣಿ ಹೋದರೆ ಉಳಿದ ಹೆಣ್ಣುಗಳಲ್ಲಿ ಒಂದು ಕೂಡಲೇ ಆ ಜಾಗ ಹಿಡಿಯುತ್ತದೆ. ಅಂದರೆ ಹುಳಗಳನ್ನು ಅರ್ಧಂಬರ್ಧ ಸಾಯಿಸಿ ಬಿಟ್ಟರೆ ಸಂಸಾರ ಮುಂದುವರಿಯುತ್ತದೆ. ವರ್ಷದ ಯಾವ ತಿಂಗಳಲ್ಲೂ ಇವು ಹೊಸ ಗೂಡು ಶುರು ಮಾಡುತ್ತವೆ. ಮಳೆ ಬಂದರೆ ತಾನಾಗಿ ಹೋಗುತ್ತದೆ ಎಂದು ಕಾಯುವುದರಲ್ಲಿ ಅರ್ಥವಿಲ್ಲ.

*ಮುಚ್ಚಿದ ದೊಡ್ಡ ಗೂಡು.* ಕಂದು ಬಣ್ಣದ ಕಾಗದದ ಚೆಂಡು, ಹೊರಮೈಯಲ್ಲಿ ಅಲೆಅಲೆಯಾದ ಗೆರೆ, ಹೊಕ್ಕು ಹೊರಡಲು ಒಂದೇ ತೂತು. ತೆಂಗಿನಕಾಯಿ ಗಾತ್ರದಿಂದ ಕೊಡಪಾನದ ಗಾತ್ರದವರೆಗೂ ಬೆಳೆಯುತ್ತದೆ. ಹುಳ ಒಂದು ಇಂಚಿನ ಆಸುಪಾಸು. ಕಪ್ಪು ಮೈ, ಹೊಟ್ಟೆಯ ಮೇಲೆ ಹಳದಿ ಅಥವಾ ಕಿತ್ತಳೆ ಪಟ್ಟೆ. ಇದು ಹೆಗ್ಗಣಜ. ಇದರಲ್ಲೇ ಒಂದು ಜಾತಿ ಮಣ್ಣಿನ ಮಾಟೆಯಲ್ಲಿ, ಗೋಡೆಯ ಪೊಳ್ಳಿನಲ್ಲಿ ಅಡಗಿ ಕಟ್ಟುತ್ತದೆ. ಇಂಥದ್ದು ಕಂಡರೆ ಹಂತ 2 ಓದಿ ನೇರ ಹಂತ 3ಕ್ಕೆ ಹೋಗಿ. ನೀವು ಕೈ ಹಾಕಬೇಡಿ.

*ಜೇನಾ ಅಂತ ನೋಡಿ.* ಗೋಡೆಯಿಂದ ಮೇಣದ ಸಣ್ಣ ಕೊಳವೆ ಹೊರಬಂದು ಅದರ ಬಾಯಲ್ಲಿ ಸೊಳ್ಳೆಗಿಂತ ತುಸು ದಪ್ಪದ ಕಪ್ಪು ಹುಳ ಕೂತಿದ್ದರೆ ಅದು ಮುಜಂಟಿ ಜೇನು. ಅದಕ್ಕೆ ಕಚ್ಚುವ ಮುಳ್ಳೇ ಇಲ್ಲ. ಮುರಕಲ್ಲಿನ ಗೋಡೆಯೊಳಗಿನ ತುಡುವೆ ಜೇನನ್ನೂ ಸಾಯಿಸಬೇಡಿ. ನಮ್ಮ ಅಡಿಕೆ, ತೆಂಗು, ತರಕಾರಿ ತೋಟಕ್ಕೆ ಈ ಹುಳಗಳು ಬೇಕು. ಊರಿನ ಜೇನು ಸಾಕುವವರಿಗೆ ಹೇಳಿದರೆ ಪೆಟ್ಟಿಗೆ ತಂದು ಹಿಡಿದುಕೊಂಡು ಹೋಗುತ್ತಾರೆ. ನೀರಿನ ಟ್ಯಾಂಕಿಗೋ ಎತ್ತರದ ಮರಕ್ಕೋ ತೂಗುವ ಒಂಟಿ ದೊಡ್ಡ ಎರಿ ಹೆಜ್ಜೇನಿನದ್ದು. ಅದು ಬೇರೆಯೇ ಅಪಾಯ. ಕಣಜದ ಯಾವ ಉಪಾಯವನ್ನೂ ಅಲ್ಲಿ ಬಳಸಬಾರದು.

ಹಂತ 2: ತೆಗೆಯಲೇಬೇಕಾ? ನಿಮ್ಮಿಂದ ಆಗುವ ಕೆಲಸವಾ?

ಕಣಜಗಳು ಕಂಬಳಿಹುಳ ಹಿಡಿದು ಮರಿಗಳಿಗೆ ಉಣಿಸುತ್ತವೆ. ತರಕಾರಿ ಬೆಳೆಯುವವರಿಗೆ ಇದು ಲಾಭವೇ. ಜನ ಓಡಾಡದ ಕಡೆ, ತೋಟದ ಅಂಚಿನಲ್ಲಿ, ಎತ್ತರದಲ್ಲಿ ಗೂಡಿದ್ದರೆ ಬಿಟ್ಟುಬಿಡಿ. ಆದರೆ ಅಲ್ಲಿಗೆ ಹೋಗುವವರಿಗೆಲ್ಲ ಹೇಳಿ. ಹುಲ್ಲು ಕೊಚ್ಚುವ ಮೆಷಿನಿನ ಸದ್ದು ಮತ್ತು ಅದುರು ಕಣಜವನ್ನು ಕೆರಳಿಸುತ್ತದೆ. ಪೊದೆ ಸವರುವ ತೊಳಿಲುರಪ್ಪು (ಉದ್ಯೋಗ ಖಾತರಿ) ಕೆಲಸದವರು, ರಬ್ಬರ್ ಟ್ಯಾಪಿಂಗಿನವರು, ಅಡಿಕೆ ಕೊಯ್ಯುವವರು ಗೊತ್ತಿಲ್ಲದೆ ಹೋಗಿ ಕಚ್ಚಿಸಿಕೊಳ್ಳುತ್ತಾರೆ. ಗೂಡಿನಿಂದ ಸಾಕಷ್ಟು ದೂರದಲ್ಲೇ ಒಂದು ಕೆಂಪು ಬಟ್ಟೆ ಕಟ್ಟಿಡಿ.

ಬಾಗಿಲು, ಜಗಲಿ, ಬಚ್ಚಲು, ಹಟ್ಟಿ, ಬಾವಿಕಟ್ಟೆ, ಮಕ್ಕಳು ಆಡುವ ಅಂಗಳ, ಇಂಥ ಕಡೆ ಇದ್ದರೆ ತೆಗೆಯಬೇಕು.

ನೀವೇ ತೆಗೆಯಬಹುದಾದ್ದು ಇಷ್ಟೇ: ಬಿಚ್ಚು ಎರಿಯ ಗೂಡು, ಅಂಗೈಗಿಂತ ದೊಡ್ಡದಲ್ಲ, ನೆಲದ ಮೇಲೆ ನಿಂತೇ ಮದ್ದು ತಲುಪುವ ಎತ್ತರ. ಇದರಲ್ಲಿ ಒಂದು ಇಲ್ಲದಿದ್ದರೂ ಬೇರೆಯವರನ್ನು ಕರೆಯಿರಿ. ಮನೆಯಲ್ಲಿ ಯಾರಿಗಾದರೂ ಹಿಂದೆ ಕಣಜ ಅಥವಾ ಜೇನು ಕಚ್ಚಿ ಮೈಯೆಲ್ಲ ದಡಿಕೆ (ಗಂದೆ) ಎದ್ದಿದ್ದರೆ, ಉಸಿರು ಕಟ್ಟಿದ್ದರೆ, ಅವರು ಆ ದಿನ ಮನೆಯಲ್ಲೇ ಇರಬಾರದು. ಕೆಲಸ ಮಾಡುವವರು ಅವರಾಗಲಂತೂ ಬಾರದು.

ಏಣಿ ಹತ್ತಿ ಈ ಕೆಲಸ ಮಾಡಬೇಡಿ. ಮುಖಕ್ಕೆ ಒಂದು ಹುಳ ಕಚ್ಚಿದರೆ ಯಾರಾದರೂ ಕೈ ಬಿಡುತ್ತಾರೆ. ಆಗ ಸೊಂಟ ಮುರಿಯುವುದು ಬಿದ್ದದ್ದರಿಂದ.

ಹಂತ 3: ಬೇರೆಯವರನ್ನು ಕರೆಯುವುದಾದರೆ

ಹೆಗ್ಗಣಜ, ಜಿಪ್ಸಂ ಸೀಲಿಂಗಿನ ಒಳಗಿನ ಗೂಡು, ಅಟ್ಟದ ಕತ್ತಲೆ ಮೂಲೆಯ ಗೂಡು, ಇವೆಲ್ಲ ಅನುಭವ ಇರುವವರ ಕೆಲಸ. ಕೀಟ ನಿಯಂತ್ರಣದವರು ಕಾಸರಗೋಡು, ಮಂಗಳೂರು ಪೇಟೆಯಲ್ಲಿ ಸಿಗುತ್ತಾರೆ. ಹಳ್ಳಿಗಳಲ್ಲಿ ರಾತ್ರಿ ಬಂದು ತೆಗೆದುಕೊಡುವ ಅನುಭವಸ್ಥರೂ ಇದ್ದಾರೆ. ಒಪ್ಪುವ ಮೊದಲು ಮೂರು ವಿಷಯ ಕೇಳಿ. ಯಾವ ಮದ್ದು ಬಳಸುತ್ತೀರಿ? ಮುಖಪರದೆ, ದಪ್ಪ ಉಡುಪು ಇದೆಯಾ? ಬೆಂಕಿ ಹಚ್ಚುತ್ತೀರಾ? ಮೂರನೆಯದಕ್ಕೆ ಹೌದು ಎಂದರೆ ಬೇಡ ಎನ್ನಿ.

ಹುಳಗಳು ಈಗಾಗಲೇ ಎದ್ದು ಜನರಿಗೆ ಕಚ್ಚುತ್ತಿದ್ದರೆ ಅಗ್ನಿಶಾಮಕ ದಳದ 101ಕ್ಕೆ ಅಥವಾ 112ಕ್ಕೆ ಕರೆ ಮಾಡಿ. ಫೋನಿನಲ್ಲಿ ಮಾತಾಡುವವರಿಗೆ ಕನ್ನಡ ಬರದಿದ್ದರೆ ಗಾಬರಿ ಬೇಡ. ಮಲಯಾಳದಲ್ಲಿ 'ವೀಟ್ಟಿಲ್ ಕಡನ್ನಲ್ ಕೂಡ್ ಉಂಡ್' (ಮನೆಯಲ್ಲಿ ಕಣಜದ ಗೂಡು ಇದೆ) ಎಂದು ಹೇಳಿದರೆ ಅವರಿಗೆ ತಿಳಿಯುತ್ತದೆ. ಪಂಚಾಯತ್ ಹೆಸರು, ವಾರ್ಡ್, ಹತ್ತಿರದ ಶಾಲೆಯೋ ದೇವಸ್ಥಾನವೋ ಮಸೀದಿಯೋ ಯಾವುದೆಂದು ಮೊದಲೇ ಒಂದು ಚೀಟಿಯಲ್ಲಿ ಬರೆದಿಡಿ. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಗುಡ್ಡದ ಮನೆಗಳಿಗೆ ದಾರಿ ಹೇಳುವುದರಲ್ಲೇ ಹೊತ್ತು ಹೋಗುತ್ತದೆ.

ಮೀಟರ್ ಬೋರ್ಡ್, ಸರ್ವಿಸ್ ವಯರ್, ಕಂಬ, ಇವುಗಳ ಹತ್ತಿರ ಗೂಡಿದ್ದರೆ ಮೊದಲು ಕೇರಳ ವಿದ್ಯುತ್ ಮಂಡಳಿ ಕೆಎಸ್‌ಇಬಿಯ 1912ಕ್ಕೆ ಹೇಳಿ. ಕರೆಂಟು ತೆಗೆಯದೆ ಅಲ್ಲಿ ನೀರೂ ಬೇಡ, ಮದ್ದೂ ಬೇಡ.

ಹಂತ 4: ಕಚ್ಚಿದರೆ ಏನು ಮಾಡಬೇಕು (ಕೆಲಸಕ್ಕೆ ಇಳಿಯುವ ಮೊದಲೇ ಓದಿ)

ಈ ಭಾಗವನ್ನು ಎಲ್ಲರೂ ಕೊನೆಗೆ ಓದುತ್ತಾರೆ, ಕಚ್ಚಿದ ಮೇಲೆ. ಆಗ ತಡವಾಗಿರುತ್ತದೆ, ಅಲ್ವಾ? ಅದಕ್ಕೇ ಇಲ್ಲಿ ಇಟ್ಟಿದ್ದೇನೆ.

ಜೇನಿನ ಮುಳ್ಳಿಗೆ ಕೊಕ್ಕೆ ಇದೆ. ಅದು ಚರ್ಮದಲ್ಲೇ ಉಳಿಯುತ್ತದೆ. ಕಣಜದ ಮುಳ್ಳು ಹಾಗೆ ಸಿಕ್ಕಿಕೊಳ್ಳುವುದಿಲ್ಲ, ಹಾಗಾಗಿ ಒಂದೇ ಹುಳ ಮತ್ತೆ ಮತ್ತೆ ಕಚ್ಚುತ್ತದೆ. ಅಷ್ಟೇ ಅಲ್ಲ, ಹೆಗ್ಗಣಜದ ವಿಷದ ವಾಸನೆಗೆ ಗೂಡಿನ ಉಳಿದ ಹುಳಗಳೂ ಏಳುತ್ತವೆ. ಮೈಮೇಲೆ ಕೂತ ಹುಳವನ್ನು ಅಲ್ಲೇ ಹೊಡೆದು ಜಜ್ಜಿದರೆ ಬೇರೆ ಹುಳಗಳನ್ನು ಕರೆದ ಹಾಗೆ. ಮೊದಲು ಅಲ್ಲಿಂದ ಓಡಿ. ಮುಖ, ಕುತ್ತಿಗೆ ಮುಚ್ಚಿಕೊಂಡು ನೇರವಾಗಿ ಮನೆಯೊಳಗೋ ಕಾರಿನೊಳಗೋ ಸೇರಿ ಬಾಗಿಲು ಹಾಕಿ. ಕೆರೆ, ಮದಕಕ್ಕೆ ಹಾರಬೇಡಿ.

ಒಂದೆರಡು ಕಡೆ ಕಚ್ಚಿ ಬರೀ ಉರಿ, ಬಾವು ಇದ್ದರೆ: ಉಂಗುರ, ಬಳೆ ತೆಗೆಯಿರಿ. ಬಾವು ಏರಿದ ಮೇಲೆ ತೆಗೆಯಲಾಗುವುದಿಲ್ಲ. ಸೋಪು ನೀರಿನಿಂದ ತೊಳೆಯಿರಿ. ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ. ಸುಣ್ಣ, ಸೀಮೆಎಣ್ಣೆ, ಟೂತ್‌ಪೇಸ್ಟ್ ಬೇಡ. ಸುಣ್ಣದಿಂದ ಚರ್ಮ ಸುಡುವುದಲ್ಲದೆ ಬೇರೆ ಪ್ರಯೋಜನ ಇಲ್ಲ.

ಈ ಮುಂದಿನ ಯಾವುದೇ ಒಂದು ಕಂಡರೂ ತಡ ಮಾಡದೆ 108ಕ್ಕೆ ಕರೆ ಮಾಡಿ, ಅಥವಾ ಸಿಕ್ಕಿದ ಗಾಡಿಯಲ್ಲಿ ಹೊರಡಿ:

- ಉಸಿರಾಡಲು ಕಷ್ಟ, ಎದೆಯಲ್ಲಿ ಸುಂಯ್ ಸದ್ದು, ಸ್ವರ ಒಡೆಯುವುದು
- ತುಟಿ, ನಾಲಿಗೆ, ಗಂಟಲು ಊದುವುದು
- ಕಚ್ಚಿದ ಜಾಗ ಬಿಟ್ಟು ಮೈಯೆಲ್ಲ ದಡಿಕೆ, ತುರಿಕೆ
- ತಲೆ ತಿರುಗುವುದು, ಕಣ್ಣು ಕತ್ತಲೆ, ವಾಂತಿ, ಬಿದ್ದುಬಿಡುವುದು
- ಬಾಯಿಯ ಅಥವಾ ಗಂಟಲಿನ ಒಳಗೆ ಕಚ್ಚಿರುವುದು

ಇದು ಅಲರ್ಜಿ. ಕೆಲವೇ ನಿಮಿಷಗಳಲ್ಲಿ ಜೀವಕ್ಕೆ ಬರಬಹುದು. ಇದಕ್ಕೆ ಮೊದಲ ಮದ್ದು ತೊಡೆಗೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್. ಅದನ್ನು ಆಸ್ಪತ್ರೆಯಲ್ಲಿ ಕೊಡುತ್ತಾರೆ. ಮನೆಯಲ್ಲಿರುವ ಅಲರ್ಜಿ ಮಾತ್ರೆ ತುರಿಕೆ ಕಡಿಮೆ ಮಾಡಬಹುದು, ಗಂಟಲು ಕಟ್ಟುವುದನ್ನು ತಡೆಯುವುದಿಲ್ಲ. ಮಾತ್ರೆ ನುಂಗಿಸಿ ಕಾದು ನೋಡೋಣ ಎನ್ನುವುದು ದೊಡ್ಡ ತಪ್ಪು. ರೋಗಿಯನ್ನು ಮಲಗಿಸಿ ಕಾಲು ಎತ್ತರಕ್ಕೆ ಇಡಿ. ಉಸಿರಿಗೆ ಕಷ್ಟ ಆದರೆ ಒರಗಿ ಕೂರಿಸಿ. ಎಬ್ಬಿಸಿ ನಡೆಸಬೇಡಿ. ಸುಧಾರಿಸಿದ ಮೇಲೂ ಕೆಲವು ಗಂಟೆ ಆಸ್ಪತ್ರೆಯಲ್ಲೇ ಇರಿ ಎಂದು ಡಾಕ್ಟರ್ ಹೇಳಿದರೆ ಇರಿ. ಇಳಿದ ಅಲರ್ಜಿ ಮತ್ತೆ ಏಳುವುದುಂಟು.

ಅಲರ್ಜಿ ಇಲ್ಲದವರಿಗೂ ಜಾಸ್ತಿ ಹುಳ ಕಚ್ಚಿದರೆ ವಿಷವೇ ಅಪಾಯ. ಸ್ನಾಯು, ರಕ್ತಕಣ ಒಡೆದು ಕಿಡ್ನಿಗೆ ಪೆಟ್ಟು ಬೀಳುತ್ತದೆ. ಇದು ಆಗಲೇ ಕಾಣದೆ ಒಂದೆರಡು ದಿನ ಕಳೆದು ಕಾಣಬಹುದು. 10ಕ್ಕಿಂತ ಹೆಚ್ಚು ಕಡೆ ಕಚ್ಚಿದ್ದರೆ, ಮಕ್ಕಳಿಗೆ ಮತ್ತು ವಯಸ್ಸಾದವರಿಗೆ ಅದಕ್ಕಿಂತ ಕಡಿಮೆ ಇದ್ದರೂ, ಆರಾಮವಾಗಿ ಕಂಡರೂ ಆಸ್ಪತ್ರೆಗೆ ತೋರಿಸಿ. ಮುಂದಿನ ಮೂರು ದಿನ ಮೂತ್ರದ ಬಣ್ಣ ನೋಡಿ. ಕಡು ಕಂದು ಅಥವಾ ಕೆಂಪಾದರೆ, ಮೂತ್ರ ಕಡಿಮೆ ಆದರೆ, ಮತ್ತೆ ಹೋಗಿ. ಹೇಳುವಾಗ ಕಣಜ ಕಚ್ಚಿದ ದಿನ, ಎಷ್ಟು ಕಡೆ ಎಂಬುದನ್ನು ಮರೆಯದೆ ಹೇಳಿ.

ಹಂತ 5: ಸಾಮಾನು ಹೊಂದಿಸಿ

ಉಡುಪಿಗೆ ಹೊಸದೇನೂ ತರಬೇಕಾಗಿಲ್ಲ. ಮಳೆಗಾಲಕ್ಕೆ ಎಲ್ಲರ ಮನೆಯಲ್ಲೂ ರೈನ್‌ಕೋಟ್ ಇರುತ್ತದೆ. ದಪ್ಪ ತೋಳಿನ ಅಂಗಿ, ಜೀನ್ಸ್ ಹಾಕಿ ಅದರ ಮೇಲೆ ರೈನ್‌ಕೋಟ್, ಪ್ಯಾಂಟ್ ಎರಡನ್ನೂ ಹಾಕಿ. ಕಾಲಿಗೆ ತೋಟದ ಗಂಬೂಟು. ಪ್ಯಾಂಟಿನ ಕಾಲು ಬೂಟಿನ ಹೊರಗಿರಲಿ, ಸುತ್ತ ಟೇಪ್ ಹಚ್ಚಿ. ಕೈಗೆ ದಪ್ಪ ರಬ್ಬರ್ ಗ್ಲೌಸ್, ಮಣಿಕಟ್ಟಿಗೂ ಟೇಪ್. ಮುಖಕ್ಕೆ ಜೇನು ಸಾಕುವವರ ಮುಖಪರದೆ ಸಿಕ್ಕಿದರೆ ಒಳ್ಳೆಯದು. ಇಲ್ಲದಿದ್ದರೆ ಅಗಲ ಅಂಚಿನ ಹ್ಯಾಟಿನ ಮೇಲೆ ಸೊಳ್ಳೆಪರದೆ ಇಳಿಬಿಟ್ಟು ಕಾಲರಿನೊಳಗೆ ಸೇರಿಸಿ. ಪರದೆ ಮೂಗಿಗೆ, ಕೆನ್ನೆಗೆ ತಾಗಬಾರದು. ತಾಗಿದರೆ ಅದರ ಮೂಲಕವೇ ಕಚ್ಚುತ್ತದೆ. ಮುಂಡು, ಲುಂಗಿ ಉಟ್ಟು ಈ ಕೆಲಸಕ್ಕೆ ಹೋಗಬೇಡಿ. ಕಪ್ಪು ಬಟ್ಟೆಯೂ ಬೇಡ.

ಮದ್ದಿಗೆ ಎರಡು ದಾರಿ.

ಒಂದು, ಸೋಪು ನೀರು. 1 ಲೀಟರ್ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ 4 ದೊಡ್ಡ ಚಮಚ. ಬರೀ ನೀರು ಕಣಜದ ಮೈಯಿಂದ ಜಾರಿಹೋಗುತ್ತದೆ. ಸೋಪು ಬೆರೆತ ನೀರು ಮೈಗೆ ಅಂಟಿ ಉಸಿರಾಡುವ ರಂಧ್ರಗಳನ್ನು ಮುಚ್ಚುತ್ತದೆ. ಹಟ್ಟಿ, ಅಡುಗೆಮನೆಯ ಹಿಂಬದಿ, ಬಾವಿಯ ಬದಿ, ಇಲ್ಲೆಲ್ಲ ನನಗೆ ಇದೇ ಇಷ್ಟ, ಏಕೆಂದರೆ ವಿಷ ಉಳಿಯುವುದಿಲ್ಲ. ಆದರೆ ಹುಳ ಪೂರ್ತಿ ನೆನೆಯಬೇಕು. ಬಾಟಲಿಯ ಸಣ್ಣ ಸ್ಪ್ರೇ ಸಾಲದು. ಬೆನ್ನಿಗೆ ಹಾಕುವ ಸ್ಪ್ರೇಯರ್ ಬೇಕು, ನಾಸಲ್ ತಿರುಗಿಸಿ ನೇರ ಧಾರೆ ಬರುವ ಹಾಗೆ ಮಾಡಿರಬೇಕು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಬಿಟ್ಟ ಸ್ಪ್ರೇಯರ್ ಆದರೆ ಚೆನ್ನಾಗಿ ತೊಳೆದು, ಜಾಲರಿಯಲ್ಲಿ ಸುಣ್ಣ ಕಟ್ಟಿದೆಯಾ ನೋಡಿ. ಗೂಡಿನ ಎದುರು ನಿಂತಾಗ ನಾಸಲ್ ಕಟ್ಟಿಕೊಂಡರೆ ಕಷ್ಟ. ಒಳಮುಚ್ಚಿದ ಗೂಡಿಗೆ ಸೋಪು ನೀರು ನಾಟುವುದಿಲ್ಲ.

ಇನ್ನೊಂದು, ಜಿರಳೆಗೆ ಹೊಡೆಯುವ ಸ್ಪ್ರೇ ಡಬ್ಬಿ. ಬೇಗ ಬೀಳಿಸುತ್ತದೆ, ಆದರೆ ಹತ್ತಿರಕ್ಕೆ ಹೋಗಬೇಕು. ಹೆಚ್ಚಿನ ಡಬ್ಬಿಗಳಲ್ಲಿ ಬೆಂಕಿ ಹಿಡಿಯುವ ಗ್ಯಾಸ್ ಇರುತ್ತದೆ. ಒಲೆ, ದೀಪ, ಅಗರಬತ್ತಿ ಹತ್ತಿರ ಇರಬಾರದು. ಈ ಮದ್ದು ಮೀನಿಗೆ ಮತ್ತು ಬೆಕ್ಕಿಗೆ ತೀರಾ ಕೆಟ್ಟದು. ಬಾವಿಗೆ ಬಲೆ ಇದ್ದರೂ ಮೇಲೆ ಟಾರ್ಪಾಲ್ ಹಾಸಿ. ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ಬಾಯಲ್ಲಿ ಅಥವಾ ಸುರಂಗದ ನೀರು ಬೀಳುವ ಟಾಂಕಿಯ ಹತ್ತಿರ ಇದನ್ನು ಬಳಸಲೇಬೇಡಿ.

ತೋಟಕ್ಕೆಂದು ತಂದು ಉಳಿದ ಕೀಟನಾಶಕ, ಹೆಸರು ಅಳಿಸಿಹೋದ ಹಳೆಯ ಬಾಟಲಿ, ಇವನ್ನು ಮನೆಯ ಮಾಡಿಗೆ ಹೊಡೆಯಬೇಡಿ. ಗೇರು ತೋಟಗಳ ಮೇಲೆ ಸುರಿದ ಎಂಡೋಸಲ್ಫಾನ್ ಏನು ಮಾಡಿತು ಎಂದು ನಮ್ಮ ಜಿಲ್ಲೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲೆಲ್ಲ ಅದನ್ನು ತಡೆಯಿತು. ಮಲಗುವ ಕೋಣೆಯ ಮೇಲಿನ ಹಂಚಿಗೆ ತೋಟದ ವಿಷ ಬೇಡವೇ ಬೇಡ.

ಬೆಂಕಿಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಸೂಟೆ ಹಿಡಿದರೆ ರೆಕ್ಕೆ ಸುಟ್ಟ ಹುಳ ತಲೆಯ ಮೇಲೇ ಬೀಳುತ್ತದೆ, ಉಳಿದವು ಬೆಳಕಿರುವ ಕಡೆಗೆ, ಅಂದರೆ ನಿಮ್ಮ ಕಡೆಗೆ ಬರುತ್ತವೆ. ಪಕ್ಕಾಸು, ರೀಪು ಒಣ ಮರ. ಹಟ್ಟಿಯಲ್ಲಿ ಬೈಹುಲ್ಲು. ಗೂಡು ಸ್ವತಃ ಒಣ ಕಾಗದದ ಹಾಗೆ ಹತ್ತಿ ಉರಿಯುತ್ತದೆ. ಪೆಟ್ರೋಲ್, ಸೀಮೆಎಣ್ಣೆ ಎರಚುವುದೂ ಇದೇ ಅಪಾಯ.

ಹಂತ 6: ಹಗಲಲ್ಲೇ ತಯಾರಿ ಮುಗಿಸಿ

ರಾತ್ರಿಯ ಕೆಲಸ ಕೆಲವೇ ನಿಮಿಷದ್ದು. ಅದು ಸರಿಯಾಗುವುದು ಹಗಲಿನ ತಯಾರಿಯಿಂದ.

1. ಮಳೆ, ಗಾಳಿ ಇಲ್ಲದ ದಿನ ಆರಿಸಿ. ಮಳೆಯಲ್ಲಿ ಮದ್ದು ತೊಳೆದುಹೋಗುತ್ತದೆ, ಕಾಲೂ ಜಾರುತ್ತದೆ.
2. ನೀವು ನಿಲ್ಲುವ ಜಾಗ ಗುರುತು ಮಾಡಿ. ಗೂಡಿನ ನೇರ ಕೆಳಗೆ ಬೇಡ, ಬದಿಗಿರಲಿ.
3. ಅಲ್ಲಿಂದ ಬಾಗಿಲಿನವರೆಗೆ ಓಡಿ ನೋಡಿ. ಅಡಿಕೆ ಗೋಣಿ, ಬಕೆಟ್, ಸೈಕಲ್, ಬಟ್ಟೆ ಒಣಹಾಕುವ ಹಗ್ಗ, ಎಲ್ಲ ತೆಗೆಯಿರಿ. ಅಂಗಳದಲ್ಲಿ ಪಾಚಿ ಇದ್ದರೆ ಉಜ್ಜಿ.
4. ದನ, ನಾಯಿ, ಕೋಳಿಗೂಡನ್ನು ಸಂಜೆಯೇ ಬೇರೆಡೆಗೆ ಸಾಗಿಸಿ. ಕಟ್ಟಿದ ದನಕ್ಕೆ ಓಡಲು ಆಗುವುದಿಲ್ಲ.
5. ನೆರೆಮನೆಯವರಿಗೆ ಹೇಳಿ. ಗಾಡಿ ಓಡಿಸಬಲ್ಲ ಒಬ್ಬರು ಮನೆಯೊಳಗೆ ಇರಲಿ, ಗಾಡಿ ರಸ್ತೆಯ ಕಡೆ ಮುಖ ಮಾಡಿ ನಿಂತಿರಲಿ.
6. ಬರೀ ನೀರು ತುಂಬಿಸಿ ಬೇರೆ ಗೋಡೆಗೆ ಹೊಡೆದು ನೋಡಿ. ಧಾರೆ ಎಷ್ಟು ಎತ್ತರ ಹೋಗುತ್ತದೆ ಎಂದು ತಿಳಿಯುತ್ತದೆ.

ಹಂತ 7: ಕತ್ತಲಾದ ಮೇಲೆ

ಹಗಲು ಹೊಡೆದರೆ ಒಂದಷ್ಟು ಹುಳ ಹೊರಗೆ ಬೇಟೆಗೆ ಹೋಗಿರುತ್ತವೆ. ಮರಳಿ ಬಂದು ಅಲ್ಲೇ ಗುಂಪುಗೂಡಿ ಹೊಸ ಗೂಡು ಕಟ್ಟುತ್ತವೆ. ಮತ್ತೆ ಮತ್ತೆ ಬರುವುದಕ್ಕೆ ದೊಡ್ಡ ಕಾರಣ ಇದೇ. ಪೂರ್ತಿ ಕತ್ತಲಾದ ಮೇಲೆ ಎಲ್ಲವೂ ಗೂಡಿನಲ್ಲಿರುತ್ತವೆ, ಹಾರಾಟವೂ ಕಡಿಮೆ.

ಒಂದು ಗಂಟೆ ಮೊದಲೇ ಜಗಲಿಯ, ಅಂಗಳದ ದೀಪ ಆರಿಸಿ. ಕಣಜಕ್ಕೆ ಕೆಂಪು ಬೆಳಕು ಸರಿಯಾಗಿ ಕಾಣುವುದಿಲ್ಲ. ಟಾರ್ಚಿನ ಬಾಯಿಗೆ ಕೆಂಪು ಗಾಜುಕಾಗದ ಎರಡು ಮಡಿಕೆ ಕಟ್ಟಿ. ಅದನ್ನು ಕೈಯಲ್ಲಿ ಹಿಡಿಯಬೇಡಿ, ನಿಮ್ಮಿಂದ ನಾಲ್ಕಾರು ಅಡಿ ಆಚೆ ಸ್ಟೂಲಿನ ಮೇಲೆ ಇಡಿ. ಎದ್ದ ಹುಳ ಬೆಳಕಿಗೆ ಬರುತ್ತದೆ. ಹಣೆಗೆ ಕಟ್ಟುವ ಹೆಡ್‌ಲೈಟ್ ಹಾಕಿಕೊಂಡವರ ಮುಖಕ್ಕೇ ಬರುತ್ತದೆ. ಬೆಳಗಿನ ಜಾವ ರಬ್ಬರ್ ಕೆರೆಯಲು ಅಭ್ಯಾಸ ಇರುವವರು ಈ ತಪ್ಪು ಮಾಡುವುದು ಜಾಸ್ತಿ, ಹೆಡ್‌ಲೈಟ್ ಅವರಿಗೆ ಅಷ್ಟು ರೂಢಿ.

ಗಾಳಿ ನಿಮ್ಮ ಬೆನ್ನಿನಿಂದ ಗೂಡಿನ ಕಡೆ ಬೀಸುತ್ತಿರಲಿ. ಮೆಲ್ಲಗೆ ನಡೆಯಿರಿ, ಕಂಬ ಗೋಡೆ ಯಾವುದನ್ನೂ ತಾಗಬೇಡಿ, ಗೂಡಿನ ಕಡೆಗೆ ಉಸಿರು ಬಿಡಬೇಡಿ. ಮೊದಲ ಧಾರೆ ಹುಳ ಗುಂಪಾಗಿ ಕೂತ ಜಾಗಕ್ಕೇ ಬೀಳಬೇಕು. ಶುರು ಮಾಡಿದ ಮೇಲೆ ನಿಲ್ಲಿಸಬೇಡಿ. ಸೋಪು ನೀರಾದರೆ ಅರ್ಧ ನಿಮಿಷ ಬಿಡದೆ, ಎರಿ ತೊಟ್ಟಿಕ್ಕುವವರೆಗೆ. ಸ್ಪ್ರೇ ಡಬ್ಬಿಯಾದರೆ ಹತ್ತು ಹದಿನೈದು ಸೆಕೆಂಡ್. ಸ್ವಲ್ಪ ಹೊಡೆದು, ಏನಾಯಿತು ಎಂದು ನೋಡಿ, ಮತ್ತೆ ಸ್ವಲ್ಪ ಹೊಡೆಯುವುದು ಬೇಡ. ಅದು ಕೆರಳಿಸುವ ಕೆಲಸ. ಮುಗಿದ ಕೂಡಲೇ ತಿರುಗಿ ಒಳಗೆ ಬನ್ನಿ, ಬಾಗಿಲು ಹಾಕಿ. ರೈನ್‌ಕೋಟಿನ ಮಡಿಕೆಯಲ್ಲಿ ಹುಳ ಉಳಿದಿದೆಯಾ ಎಂದು ಇನ್ನೊಬ್ಬರು ನೋಡಿದ ಮೇಲೆ ಪರದೆ ತೆಗೆಯಿರಿ.

ಇವು ಕಂಡರೆ ಅಲ್ಲಿಗೇ ಬಿಟ್ಟು ಹಿಂದೆ ಬನ್ನಿ:

- ನೀವು ನಿಂತ ಕೂಡಲೇ ಗೂಡಿನಿಂದ ಜೋರು ಗುಂಯ್‌ಗುಡುವ ಸದ್ದು
- ಹುಳಗಳು ರೆಕ್ಕೆ ಎತ್ತಿ ನಿಮ್ಮ ಕಡೆ ಮುಖ ಮಾಡುವುದು
- ಒಂದೆರಡು ಹುಳ ಬಂದು ಪರದೆಗೆ ಬಡಿಯುವುದು
- ಹಗಲು ನೋಡಿದ್ದಕ್ಕಿಂತ ಗೂಡು ದೊಡ್ಡದಾಗಿ, ಹಂಚಿನ ಒಳಗೂ ಹೋಗಿರುವುದು

ನಾಳೆ ಮತ್ತೆ ಬರಬಹುದು. ಇದರಲ್ಲಿ ಸೋಲು ಏನೂ ಇಲ್ಲ.

ಹಂತ 8: ಮರುದಿನ ಕಾದು ನೋಡಿ

ರಾತ್ರಿಯೇ ಗೂಡು ಕೀಳಬೇಡಿ. ಬೆಳಿಗ್ಗೆ ಬಿಸಿಲೇರಿದ ಮೇಲೆ ದೂರದಿಂದ ಅರ್ಧ ಗಂಟೆ ನೋಡಿ. ಒಂದೂ ಹುಳ ಹಾರದಿದ್ದರೆ ಸಂಜೆಗೆ ಮುಂದಿನ ಹಂತ. ಬಂದು ಹೋಗುವ ಹುಳ ಇದ್ದರೆ ಆ ರಾತ್ರಿ ಹಂತ 7 ಪುನಃ ಮಾಡಿ.

ನೆಲಕ್ಕೆ ಬಿದ್ದ ಹುಳಗಳನ್ನು ಬರಿಗಾಲಲ್ಲಿ ತುಳಿಯಬೇಡಿ, ಕೈಯಲ್ಲಿ ಹೆಕ್ಕಬೇಡಿ. ಸತ್ತ ಹುಳದ ಮುಳ್ಳೂ ಚುಚ್ಚುತ್ತದೆ. ಮಕ್ಕಳು, ಕೋಳಿಗಳು ಬರುವ ಮೊದಲೇ ಗುಡಿಸಿ ಮಣ್ಣಿನಲ್ಲಿ ಹುಗಿಯಿರಿ.

ಗೂಡು ತೂತಿನ ಒಳಗಿದ್ದರೆ ಈ ಹೊತ್ತಿಗೆ ಸಿಮೆಂಟ್ ಹಾಕಿ ಮುಚ್ಚುವ ಆಸೆ ಬರುತ್ತದೆ. ತಡೆಯಿರಿ. ಜೀವ ಇರುವ ಕಣಜವನ್ನು ಒಳಗೆ ಹಾಕಿ ಮುಚ್ಚಿದರೆ ಅದು ಬೇರೆ ದಾರಿ ಹುಡುಕುತ್ತದೆ. ಆ ದಾರಿ ಮಲಗುವ ಕೋಣೆಯ ಒಳಗೆ ತೆರೆದುಕೊಳ್ಳಬಹುದು. ಜಿಪ್ಸಂ ಸೀಲಿಂಗಿನಲ್ಲಂತೂ ಲೈಟಿನ ತೂತಿನಿಂದಲೇ ಇಳಿಯುತ್ತದೆ.

ಹಂತ 9: ಗೂಡು ಇಳಿಸಿ, ಜಾಗ ಮುಚ್ಚಿ

ಗೂಡಿನ ಮುಚ್ಚಿದ ಕೋಶಗಳಲ್ಲಿ ಇನ್ನೂ ಹೊರಬರದ ಹುಳಗಳು ಇರುತ್ತವೆ. ಹೊರಗಿನವು ಸತ್ತರೂ ಇವು ಸಾಯುವುದಿಲ್ಲ. ಅದಕ್ಕೇ ಗೂಡನ್ನು ಅಲ್ಲೇ ಬಿಡಬಾರದು.

ಉಡುಪು ಹಾಕಿಕೊಂಡೇ ಬನ್ನಿ. ಬಕೆಟ್ಟಿನಲ್ಲಿ ಸೋಪು ನೀರು ಇಟ್ಟುಕೊಳ್ಳಿ. ದೋಟಿಯ ತುದಿಗೆ ಕತ್ತಿಯೋ ತಗಡೋ ಕಟ್ಟಿ ಗೂಡಿನ ತೊಟ್ಟನ್ನು ಕತ್ತರಿಸಿ. ಇಲ್ಲಿ ಒಂದು ಎಚ್ಚರಿಕೆ: ಅಲ್ಯೂಮಿನಿಯಂ ದೋಟಿ, ಈಗ ಅಡಿಕೆ ತೋಟಗಳಲ್ಲಿ ಬಳಸುವ ಕಾರ್ಬನ್ ಫೈಬರ್ ದೋಟಿ, ಎರಡರಲ್ಲೂ ಕರೆಂಟು ಹರಿಯುತ್ತದೆ. ಮಾಡಿನ ಮೇಲೆ ಸರ್ವಿಸ್ ವಯರ್ ಹೋಗಿದ್ದರೆ ಒಣ ಬಿದಿರು ಅಥವಾ ಮರದ ಕೋಲು ಬಳಸಿ, ಅದನ್ನೂ ವಯರಿನಿಂದ ದೂರವೇ ಇಡಿ. ಬಿದ್ದ ಗೂಡನ್ನು ಬಕೆಟ್ಟಿಗೆ ಹಾಕಿ ಮುಳುಗಿಸಿ, ಮರುದಿನ ಆಳವಾಗಿ ಹುಗಿಯಿರಿ.

ತೊಟ್ಟು ಅಂಟಿದ್ದ ಜಾಗವನ್ನು ಕೆರೆದು, ಸೋಪು ನೀರಿನಿಂದ ಉಜ್ಜಿ, ಒಣಗಿದ ಮೇಲೆ ಬಣ್ಣ ಬಳಿಯಿರಿ. ಹಾಗೇ ಬಿಟ್ಟರೆ ಅಲ್ಲಿಗೇ ಮತ್ತೊಂದು ಬರುವ ಸಾಧ್ಯತೆ ಹೆಚ್ಚು. ಮುರಕಲ್ಲಿನ ಗೋಡೆಗೆ ಗಾರೆ ಮಾಡಿಸದಿದ್ದರೆ ತೂತುಗಳಿಗೆ ಸಿಮೆಂಟ್ ತುಂಬಿ. ಅಟ್ಟದ ಗಾಳಿಕಿಂಡಿ, ಎಸಿ ಪೈಪಿನ ತೂತು, ಬಚ್ಚಲಿನ ಎಕ್ಸಾಸ್ಟ್, ಇವಕ್ಕೆ ಸಣ್ಣ ಕಣ್ಣಿನ ಬಲೆ ಹಾಕಿ. ಗಾಳಿ ಪೂರ್ತಿ ನಿಲ್ಲಿಸಬೇಡಿ, ಮಳೆಗಾಲದಲ್ಲಿ ಪಕ್ಕಾಸು ಕುಂಬಾಗುತ್ತದೆ. ಒಡೆದ ಹಂಚು ಬದಲಿಸಿ. ಹಲಸು, ಮಾವು ಉದುರಿ ಕೊಳೆಯುವ ಕಾಲದಲ್ಲಿ ಅಂಗಳ ಗುಡಿಸಿ, ಸಿಹಿಗೆ ಕಣಜ ಬರುತ್ತದೆ.

ಇದಾದ ಮೇಲೆ ವಾರಕ್ಕೊಮ್ಮೆ ಮನೆಯ ಸುತ್ತ ಒಂದು ಸುತ್ತು ಹಾಕಿ. ಸನ್‌ಶೇಡಿನ ಅಡಿ, ಪಂಪ್ ಶೆಡ್, ಬಳಸದ ಚಿಮಿಣಿ, ನಿಲ್ಲಿಸಿಟ್ಟ ಸ್ಕೂಟರಿನ ಒಳಗೆ, ಸೋಲಾರ್ ಪ್ಯಾನೆಲ್ಲಿನ ಕೆಳಗೆ, ಅಡಿಕೆ ಒಣಗಿಸುವ ಶೆಡ್ಡಿನ ಮೂಲೆ, ಎಲ್ಲ ನೋಡಿ. ಬೆರಳ ತುದಿಯಷ್ಟು ಎರಿ, ಅದರ ಮೇಲೆ ಒಂದೋ ಎರಡೋ ಹುಳ ಇರುವಾಗ ಕಂಡರೆ ಕತ್ತಲಾದ ಮೇಲೆ ಸೋಪು ನೀರು ಹೊಡೆದು ಕೆರೆದು ತೆಗೆಯುವುದು ಸುಲಭ. ಆದರೂ ಉಡುಪು, ಪರದೆ ಬೇಕೇ ಬೇಕು. ಹುಳ ಅದಕ್ಕಿಂತ ಜಾಸ್ತಿ ಇದ್ದರೆ ಕೋಲು ಕೆಳಗಿಟ್ಟು ಹಂತ 1ರಿಂದ ಮತ್ತೆ ಶುರು ಮಾಡಿ.